ಚಳಿಗೆ ನಿಂತ ಅವರೆ

ಮೋಕ್ಷ ಬೇಕೆಂದು ಬೋರಲಿಂಗ ಬೆಟ್ಟ ಹತ್ತಿ ಬಂದ. ಹೆಗಲ ಮೇಲೊಂದು ಚೀಲ. ಚೀಲದಲ್ಲಿ ಗ್ರಂಥಗಳಿರಲಿಲ್ಲ, ಅವರೆಬೀಜವಿತ್ತು.

ಬಯಲುಸೀಮೆಯವನು. ಮುದ್ದೆ, ಅವರೆಕಾಳಿನ ಸಾರು ಉಂಡು ಬೆಳೆದ ಮೈ. ಹೆಂಡತಿ ಮಕ್ಕಳ ಆಸೆ ಬಿಡುವುದು ಅವನಿಗೆ ಸುಲಭವಾಗಿತ್ತು, ಏಕೆಂದರೆ ಮದುವೆಯೇ ಆಗಿರಲಿಲ್ಲ. ಅವರೆಯ ಆಸೆ ಮಾತ್ರ ಬಿಟ್ಟಿರಲಿಲ್ಲ.

ಆಶ್ರಮವಿದ್ದದ್ದು ಎತ್ತರದಲ್ಲಿ, ಹೊಳೆಯ ದಂಡೆಯ ಮೇಲೆ. ಚಳಿಗಾಲಕ್ಕೆ ಮುಂಚೆಯೇ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಲೆಗಳ ಮೇಲೆ ಉಪ್ಪಿನ ಹಾಗೆ ಕೂರುತ್ತಿತ್ತು. ಹಿಮ ಬಿತ್ತು ಎನ್ನುತ್ತಿದ್ದರು. ಹಿಮ ಬಿದ್ದ ಗಿಡ ಬೆಳಗಾಗುವಷ್ಟರಲ್ಲಿ ಬೆಂದ ಸೊಪ್ಪು. ಹಿಮಕ್ಕೆ ಮುಂಚೆ ಕೈಗೆ ಬರುತ್ತಿದ್ದ ಬೆಳೆ ಆಲೂಗಡ್ಡೆ ಒಂದೇ. ಬೆಳಿಗ್ಗೆ ಆಲೂಗಡ್ಡೆ, ಸಂಜೆ ಆಲೂಗಡ್ಡೆ. ಹಬ್ಬ ಬಂದರೆ ಇನ್ನೊಂದು ಆಲೂಗಡ್ಡೆ.

ಗುರು ಮರುಳಯ್ಯನವರಿಗೆ ಅಡ್ಡಬಿದ್ದು ಬೋರಲಿಂಗ ಮೊದಲ ಪ್ರಶ್ನೆ ಕೇಳಿದ. ಆತ್ಮದ ವಿಷಯ ಆಮೇಲೆ ಕೇಳಿದರಾಯಿತು ಎಂದುಕೊಂಡಿದ್ದ.

"ಬುದ್ಧೀ, ಇಲ್ಲಿ ಅವರೆ ಬೆಳೀತದಾ?"

ಮರುಳಯ್ಯನವರೂ ಒಂದು ಕಾಲಕ್ಕೆ ಬಯಲುಸೀಮೆಯವರೇ. ಆ ಹೆಸರು ಕಿವಿಗೆ ಬೀಳುತ್ತಲೇ ಅವರ ಗಂಟಲು ಒಮ್ಮೆ ಏರಿ ಇಳಿಯಿತು. ವೈರಾಗ್ಯ ಬೇರೆ, ಅವರೆ ಬೇರೆ.

"ನನ್ನ ಕೇಳಬ್ಯಾಡ. ಅವರೆನೇ ಕೇಳು."

"ಅದು ಬೆಳೀದಿದ್ರೆ ನಾನು ಊರಿಗೆ ಇಳಿದುಬಿಡ್ತೀನಿ ಬುದ್ಧೀ. ಸಾಯೋ ತನಕ ಆಲೂಗಡ್ಡೆ ತಿಂದು ಪಡೆಯೋ ಮೋಕ್ಷ ನನಗೆ ಬ್ಯಾಡ."

"ಇಳಿಯೋ ದಾರಿ ಎಲ್ಲೂ ಓಡಿಹೋಗಲ್ಲ. ಮೊದಲು ಬಿತ್ತು."

ಬಿತ್ತಿದ. ಗಿಡಗಳು ಮೊಣಕಾಲೆತ್ತರ ಬಂದು ಹೂ ಬಿಟ್ಟವು. ಆಗ ಹಿಮ ಬಿತ್ತು. ಬೆಳಿಗ್ಗೆ ಹೊಲ ಕರ್ರಗಾಗಿತ್ತು. ಬೋರಲಿಂಗ ಬದುವಿನ ಮೇಲೆ ಕೂತು ಮನೆಯವರು ಸತ್ತಂತೆ ಅತ್ತ.

"ಎಲ್ಲಾ ಸತ್ತವಾ?" ಎಂದರು ಗುರುಗಳು.

"ಮೂಲೇಲಿ ಎರಡು ಕುಳ್ಳ ಗಿಡ ಅದೆ ಬುದ್ಧೀ. ನೋಡೋಕೂ ಲಾಯಕ್ಕಿಲ್ಲ. ಎಲೆ ಚಿಕ್ಕದು, ಕಾಂಡ ಸೊಟ್ಟ."

ಗುರುಗಳ ಮುಖ ಅರಳಿತು. ಬೋರಲಿಂಗ ಅದನ್ನು ನೋಡಿದ, ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡ.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಗುರುಗಳ ಮುಂದೆ ಬಟ್ಟಲು ಬಂತು. ಸಾರಿನಲ್ಲಿ ಆಲೂಗಡ್ಡೆಯ ನಡುವೆ ಒಂದು ಹಿಡಿ ಅವರೆಕಾಳು ತೇಲುತ್ತಿತ್ತು.

"ಎಲ್ಲಿಯದಿದು?"

"ಆ ಕುಳ್ಳ ಗಿಡದ್ದೇ ಬುದ್ಧೀ. ಒಂದು ಕಾಳೂ ಬಿಡದಂಗೆ ಬಿಡಿಸಿಕೊಂಡು ಬಂದೆ. ನಿಮಗೆ ಇಷ್ಟ ಅಂತ."

ಗುರುಗಳು ಒಂದು ಕಾಳನ್ನು ಬೆರಳಲ್ಲಿ ಎತ್ತಿ ಹಿಡಿದರು.

"ಬೋರಲಿಂಗಾ, ಹಿಮದ ಪರೀಕ್ಷೆ ಪಾಸು ಮಾಡಿದ್ದು ಹೊಲದಲ್ಲೆಲ್ಲ ಇಬ್ಬರೇ. ಅವರ ಮಕ್ಕಳನ್ನೆಲ್ಲ ಬೇಯಿಸಿ ತಂದಿದ್ದೀಯ."

ಬೋರಲಿಂಗ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.

"ಹಂಗಾದ್ರೆ ಏನ್ ಮಾಡಾನ ಬುದ್ಧೀ?"

"ಬೆಂದ ಕಾಳು ಮೊಳೆಯಲ್ಲ. ಉಪ್ಪು ತಾ."

ಮರುವರ್ಷ ಬೋರಲಿಂಗ, ಬೆಟ್ಟಕ್ಕೆ ಸಾಮಾನು ತರುತ್ತಿದ್ದ ಹೇರುಕುದುರೆಯವನ ಕೈಲಿ ಊರಿನಿಂದ ಹೊಸ ಬೀಜ ತರಿಸಿದ. ಈ ಸಲ ಒಂದು ಗಿಡವೂ ಸಾಯಬಾರದೆಂದು ಪಣ ತೊಟ್ಟ. ಹಿಮದ ಸೂಚನೆ ಕಂಡ ಸಂಜೆಯೇ ಆಶ್ರಮದ ಕಂಬಳಿಗಳನ್ನೆಲ್ಲ ಹೊತ್ತೊಯ್ದು ಸಾಲುಗಳ ಮೇಲೆ ಹೊದಿಸಿದ. ಒಂದು ಸಾಲಿಗೆ ಕಡಿಮೆ ಬಿತ್ತು. ಗುರುಗಳು ಹೊದ್ದುಕೊಂಡಿದ್ದುದನ್ನೂ ಎಳೆದುಕೊಂಡು ಹೋದ.

ಅವರೆ ಹುಲುಸಾಗಿ ಬೆಳೆಯಿತು. ಬೋರಲಿಂಗ ಬುದ್ಧಿ ಕಲಿತಿದ್ದ, ಒಂದು ಕಾಳನ್ನೂ ತಿನ್ನದೆ ಎಲ್ಲವನ್ನೂ ಬೀಜಕ್ಕಿಟ್ಟ. ಮುಂದಿನ ವರ್ಷ ಅದೇ ಬೀಜ ಬಿತ್ತಿ, ಇವು ಪಳಗಿದ ಗಿಡದ ಮಕ್ಕಳು ಎಂದು ಕಂಬಳಿ ಹೊದಿಸದೆ ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಹೊಲ ಕರ್ರಗೆ.

"ಇದು ಅನ್ಯಾಯ ಬುದ್ಧೀ! ಹೋದ ವರ್ಷ ಇವುಗಳ ಅಪ್ಪ ಅಮ್ಮ ಅಷ್ಟು ಚಳಿ ತಡ್ಕೊಂಡಿದ್ವಲ್ಲ!"

"ಹೋದ ವರ್ಷ ಚಳಿ ತಡ್ಕೊಂಡೋನು ನಾನು" ಎಂದು ಗುರುಗಳು ಸೀನಿದರು.

ಬೋರಲಿಂಗ ಹಟವಾದಿ. ಮತ್ತೆ ಊರಿನ ಬೀಜ ತರಿಸಿದ. ಆಶ್ರಮದಲ್ಲೊಂದು ಪದ್ಧತಿಯಿತ್ತು. ಹೊಸ ಶಿಷ್ಯರು ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ತಲೆ ಎಂದು ದಿನಕ್ಕಿಷ್ಟಿಷ್ಟು ಹೊಳೆಯ ನೀರಿಗೆ ಇಳಿದು ಚಳಿ ಅಭ್ಯಾಸ ಮಾಡಿಕೊಳ್ಳಬೇಕು. ಬೋರಲಿಂಗ ಗಿಡಗಳಿಗೂ ಅದನ್ನೇ ಹಿಡಿಸಿದ. ಕುಂಡದಲ್ಲಿ ಅವರೆ ಬೆಳೆಸಿ, ಸ್ವಲ್ಪ ಹೊತ್ತು ಹೊರಗೆ, ಸ್ವಲ್ಪ ಹೊತ್ತು ಒಳಗೆ. ಜೊತೆಗೆ ಕಿವಿಯಲ್ಲಿ ಮಂತ್ರ. ಅವರೆಗೆ ಕಿವಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಶ್ಚರ್ಯವೆಂದರೆ, ಗಿಡಗಳು ಗಟ್ಟಿಯಾದವು. ಹಿಮ ಬಿದ್ದರೂ ನಿಂತವು. ಬೋರಲಿಂಗ ಕುಣಿದಾಡಿದ. ಆದರೆ ಮರುವರ್ಷ ಅವುಗಳ ಬೀಜವನ್ನು ಬಯಲಲ್ಲಿ ಬಿತ್ತಿದಾಗ ಒಂದೂ ಉಳಿಯಲಿಲ್ಲ.

"ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ಇವು ಯಾಕೆ ಬುದ್ಧೀ ಹಿಂಗೆ?"

"ನಿಮ್ಮಪ್ಪ ಏನ್ ಕೆಲಸ ಮಾಡ್ತಿದ್ದ?"

"ಗರಡಿ ಪೈಲ್ವಾನ. ದಿನಕ್ಕೆ ಸಾವಿರ ಬಸ್ಕಿ ಹೊಡೀತಿದ್ದ."

"ಎಲ್ಲಿ, ನಿನ್ನ ತೊಡೆ ತೋರಿಸು."

ಬೋರಲಿಂಗ ತನ್ನ ಕಡ್ಡಿ ಕಾಲುಗಳನ್ನು ಪಂಚೆಯೊಳಗೆ ಎಳೆದುಕೊಂಡ.

"ಹಂಗಾದ್ರೆ ನಂದೆಲ್ಲಾ ತೀರ್ತು. ನಾಳೆ ಇಳೀತೀನಿ" ಎಂದ. ಅವರೆಗಿಂತ ಗುರುಗಳನ್ನು ಬಿಟ್ಟು ಹೋಗುವುದೇ ಅವನಿಗೆ ಈಗ ಹೆಚ್ಚಿನ ಸಂಕಟವಾಗಿತ್ತು. ಆದರೂ ಆಡಿದ ಮಾತು ಆಡಿದ್ದೇ.

"ಊರಿನ ಬೀಜ ತರಿಸಿ ಇನ್ನೊಂದೇ ಒಂದು ಸಲ ಬಿತ್ತು" ಎಂದರು ಗುರುಗಳು. "ದಟ್ಟವಾಗಿ, ಹೊಲ ತುಂಬ. ಆಮೇಲೆ ಏನೂ ಮಾಡಬ್ಯಾಡ."

ಏನೂ ಮಾಡದಿರುವುದು ಎಷ್ಟು ಕಷ್ಟ ಎಂದು ಬೋರಲಿಂಗನಿಗೆ ಆಗ ಗೊತ್ತಾಯಿತು. ಹಿಮ ಬೀಳುವ ಸಂಜೆ ಅವನ ಕೈ ತಾನಾಗಿಯೇ ಕಂಬಳಿ ಹುಡುಕಿತು. ಕಂಬಳಿಗಳು ಇರಲಿಲ್ಲ. ಗುರುಗಳು ಎಲ್ಲವನ್ನೂ ಒಟ್ಟಿಕೊಂಡು ಅದರ ಮೇಲೆ ಪದ್ಮಾಸನ ಹಾಕಿ ಕೂತಿದ್ದರು.

"ಒಂದೇ ಒಂದು ಕೊಡಿ ಬುದ್ಧೀ. ಹೂ ಬಿಟ್ಟವೆ. ಎಳೇವು."

"ಕೊಡಲ್ಲ."

"ನೀವು ಗುರುಗಳಲ್ಲ, ಕಟುಕರು!"

"ಇರಬಹುದು" ಎಂದರು ಗುರುಗಳು. ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ಮೇಲೇಳಲಿಲ್ಲ.

ಬೆಳಿಗ್ಗೆ ಇಡೀ ಹೊಲದಲ್ಲಿ ಬೆರಳೆಣಿಕೆಯಷ್ಟು ಗಿಡ. ಎಲ್ಲವೂ ಕುಳ್ಳ, ಎಲ್ಲವೂ ಸೊಟ್ಟ.

"ಇವಕ್ಕೆ ಯಾರು ಕಲಿಸಿದ್ರು ಬುದ್ಧೀ?"

"ಯಾರೂ ಕಲಿಸಲಿಲ್ಲ. ಒಂದು ಮನೇಲಿ ಹತ್ತು ಮಕ್ಕಳಿದ್ರೆ ಹತ್ತೂ ಒಂದೇ ತರಹ ಇರ್ತವಾ? ಒಂದಕ್ಕೆ ಹುಟ್ಟುತ್ತಲೇ ಏನೋ ಬೇರೆ ಗುಣ. ಇವೂ ನಿಮ್ಮೂರ ಚೀಲದಲ್ಲೇ ಬಂದಿದ್ದವು. ಊರಿನ ಬಿಸಿಲಲ್ಲಿ ಆ ಗುಣ ಯಾರಿಗೆ ಬೇಕಿತ್ತು? ಅಲ್ಲಿ ಇವನ್ನ ಕುಳ್ಳ ಅಂತ ಆಡಿಕೊಂಡ್ರು, ಅಷ್ಟೇ."

"ಇವುಗಳ ಮಕ್ಕಳು?"

"ಇದು ಗರಡೀಲಿ ಬೆಳೆಸಿದ ತೊಡೆ ಅಲ್ಲ, ಹುಟ್ಟಿನಿಂದ ಬಂದ ಮೂಗು. ಮಕ್ಕಳಿಗೆ ಬರ್ತದೆ. ಎಲ್ಲಕ್ಕೂ ಅಲ್ಲ, ಕೆಲವಕ್ಕೆ. ಬಿತ್ತುತಾ ಹೋಗು, ನಿಂತದ್ದನ್ನ ಇಟ್ಕೋ."

ಬೋರಲಿಂಗ ಇಳಿಯುವ ಮಾತನ್ನು ಮುಂದಿನ ವರ್ಷಕ್ಕೆ ಹಾಕಿದ. ಮುಂದಿನ ವರ್ಷ ಅದರ ಮುಂದಿನ ವರ್ಷಕ್ಕೆ.

ನಿಂತ ಗಿಡದ ಬೀಜ, ಅದರಲ್ಲಿ ಮತ್ತೆ ನಿಂತದ್ದರ ಬೀಜ. ಕೆಲವು ಬಲು ಬೇಗ ಹೂಬಿಟ್ಟು ಹಿಮಕ್ಕೆ ಮುಂಚೆಯೇ ಕಾಯಿ ಕಟ್ಟಿದವು. ಕೆಲವು ಹಿಮವನ್ನು ಮೈಮೇಲೆ ಹೊತ್ತು, ಬಿಸಿಲೇರಿದ ಮೇಲೆ ಕೊಡವಿಕೊಂಡು ಎದ್ದವು. ಒಂದು ವರ್ಷ ಹಿಮ ಅತಿಯಾಗಿ, ಇದ್ದವುಗಳಲ್ಲೂ ಮುಕ್ಕಾಲು ಪಾಲು ಹೋದವು. ಬೋರಲಿಂಗ ಆಗಲೂ ಅತ್ತ, ಆದರೆ ಅಳುತ್ತಲೇ ಉಳಿದವನ್ನು ಹುಡುಕಿದ. ವರ್ಷಗಳು ಹೋದವು. ಗುರುಗಳ ಹಲ್ಲುಗಳೂ ಹೋದವು.

ಕೊನೆಗೊಂದು ಬೆಳಿಗ್ಗೆ ಹೊಲದ ತುಂಬ ಹಿಮ, ಹಿಮದ ತುಂಬ ಅವರೆ. ಬೀಜಕ್ಕೆ ಇಟ್ಟು, ಹಕ್ಕಿಗಳಿಗೆ ಬಿಟ್ಟು, ಅಡುಗೆಗೂ ಮಿಕ್ಕಿತು.

ಬೋರಲಿಂಗ ತಾನೇ ಮಸಾಲೆ ಅರೆದು ಸಾರು ಮಾಡಿದ. ಗುರುಗಳಿಗೆ ಹಲ್ಲಿಲ್ಲವೆಂದು ಅವರ ಪಾಲನ್ನು ನುಣ್ಣಗೆ ಕಿವುಚಿದ. ಬಡಿಸಿ, ತಾನೂ ಎದುರಿಗೆ ಕೂತು ಮೊದಲ ತುತ್ತು ಬಾಯಿಗಿಟ್ಟ.

ಅಗಿದ. ಇನ್ನೂ ಅಗಿದ. ಸಿಪ್ಪೆ ಚರ್ಮದ ಹಾಗಿತ್ತು. ಸ್ವಲ್ಪ ಕಹಿ. ಊರಿನ ಅವರೆ ಬಿಡಿಸಿದರೆ ಬೆರಳಿಗೆಲ್ಲ ಅಂಟಿಕೊಳ್ಳುವ ಎಣ್ಣೆಯಂಥ ಘಮ, ಆ ಸೊಗಡು, ಹುಡುಕಿದರೂ ಇರಲಿಲ್ಲ.

ಅವನ ಕಣ್ಣಲ್ಲಿ ನೀರು ತುಂಬಿತು.

"ಇದಕ್ಕಾ ಬುದ್ಧೀ ಇಷ್ಟು ವರ್ಷ ಕಾದದ್ದು? ಇದು ನಮ್ಮೂರ ಅವರೆ ಅಲ್ಲವೇ ಅಲ್ಲ. ಅವರೆ ಬೆಳೆದ್ರೆ ಇರ್ತೀನಿ, ಇಲ್ದಿದ್ರೆ ಇಳೀತೀನಿ ಅಂದಿದ್ದೆ. ಈಗ ಬೆಳೆದದೆ, ಆದ್ರೆ ಸೊಗಡಿಲ್ಲ. ನಾನು ಇರಬೇಕೋ, ಇಳೀಬೇಕೋ, ನೀವೇ ಹೇಳಿ."

ಮರುಳಯ್ಯನವರು ಬಟ್ಟಲನ್ನು ಬೆರಳಿಂದ ಬಳಿದು ನೆಕ್ಕಿ, ಮತ್ತೆ ಬಡಿಸೆಂದು ಮುಂದೆ ಚಾಚಿದರು.

"ಸೊಗಡಿದ್ದವು ಮೊದಲನೇ ಹಿಮಕ್ಕೇ ಹೋದವು ಕಣಪ್ಪ. ಇವು ನಮ್ಮ ಜೊತೆ ಇದ್ದವು. ಜೊತೆಗಿದ್ದವರ ಜೊತೆ ಉಣ್ಣು."