ಬೆಣಚಿನ ಹರಳು ಮತ್ತು ಜೇಡಿ

ಮರಳುಗಲ್ಲಿನ ಗುಡ್ಡದೊಳಗೆ ಒಂದು ಬೆಣಚಿನ ಹರಳಿತ್ತು. ಅದರ ಮೈಗೆಲ್ಲ ತೆಳ್ಳಗೆ ಜೇಡಿ ಮೆತ್ತಿಕೊಂಡಿತ್ತು. ಕಲ್ಲಿನ ಸಂದಿಯಲ್ಲಿ ನೀರು ಇಳಿದು ಬಂದಾಗ ಹರಳು ದೂರು ಹೇಳಿತು: "ತಾಯಿ, ಎಲ್ಲಿಂದಲೋ ಬಂದ ಈ ಜೇಡಿಯನ್ನು ತೊಳೆದುಕೊಂಡು ಹೋಗು. ಇದು ಅಡ್ಡ ಇರುವುದರಿಂದ ನೀನು ತರುವ ಕಲ್ಲಿನ ಸತ್ವ ನನ್ನ ಮೈಗೆ ಹತ್ತುತ್ತಿಲ್ಲ. ನಾನು ಬೆಳೆಯುವುದು ಯಾವಾಗ?"

"ಜೇಡಿ ಹೋಗಿ ನೀವು ಹರಳುಗಳೆಲ್ಲ ಬೆಳೆದು ಒಬ್ಬರಿಗೊಬ್ಬರು ಅಂಟಿಕೊಂಡರೆ ಸಂದಿ ಮುಚ್ಚಿಹೋಗುತ್ತದೆ," ಎಂದಿತು ನೀರು. "ಆಮೇಲೆ ನಾನು ಎಲ್ಲಿ ನಡೆಯಲಿ? ಕೆಳಗಿನ ಒರತೆಗೆ ಕೊಡ ಹಿಡಿದು ಬರುವವರು ಬರಿಗೈಯಲ್ಲಿ ಹೋಗಬೇಕೇ? ಅದಿರಲಿ, ಹೊಳೆಯಲ್ಲಿ ನಿನ್ನ ಜೊತೆ ಉರುಳಿ ಬಂದ ಕೆಂಪು ಹರಳು ಏನಾಯಿತೆಂದು ಎಂದಾದರೂ ಕೇಳಿದ್ದೀಯಾ?"

ಹರಳು ಪಕ್ಕಕ್ಕೆ ನೋಡಿತು. ಗೆಳೆಯನಿದ್ದ ಜಾಗ ಖಾಲಿಯಾಗಿತ್ತು.

"ಅದು ನಾನೇ," ಎಂದಿತು ಜೇಡಿ. "ನೀರು ಸೋಕಿ ಸೋಕಿ ಕರಗಿ ಹೀಗಾದೆ. ಬಿಟ್ಟುಹೋಗಲು ಮನಸ್ಸಾಗದೆ ನಿನ್ನನ್ನೇ ಹಿಡಿದುಕೊಂಡೆ."

ಹರಳು ತನ್ನ ಮೈಗೆ ಮೆತ್ತಿದ್ದ ಜೇಡಿಯತ್ತ ತಿರುಗಿತು.

"ಗೆಳೆಯಾ, ಈ ಗುಡ್ಡದಲ್ಲಿ ನೀರಿಗೆ ದಾರಿ ಉಳಿದದ್ದು ನಿನ್ನಿಂದ. ನಾನು ಗೊಣಗುತ್ತಲೇ ಇದ್ದೆ," ಎಂದಿತು. ಆಮೇಲೆ ನೀರಿನ ಕಡೆ ತಿರುಗಿ ಕೇಳಿಕೊಂಡಿತು: "ಮೆಲ್ಲಗೆ ಹಾದುಹೋಗು ತಾಯಿ. ಇವನು ಒಂದಿಷ್ಟೂ ತೊಳೆದುಹೋಗಬಾರದು."