ಕೌದಿ ಹೊಟ್ಟಿಗೇನಿಟ್ಟಿ, ಮುದುಕಪ್ಪಾ?

ಕೈ ನಿಲ್ಲಿಸಬ್ಯಾಡ್ರೆವ್ವಾ. ಕೈ ಹೊಲೀತಿರ್ಲಿ, ಕಿವಿ ಇತ್ಲಾಗಿರ್ಲಿ. ನಗು ಬಂದ್ರ ಸೂಜಿ ಕೆಳಗಿಟ್ಟು ನಗರಿ. ಬೆರಳಿಗೆ ಚುಚ್ಕೊಂಡು ಆಮ್ಯಾಲ ಈ ಫಕೀರವ್ವನ್ನ ಬೈಬ್ಯಾಡ್ರಿ.

ನಮ್ಮ ಓಣ್ಯಾಗ ತಂಗೆವ್ವ ಅಂತ ಒಬ್ಬಾಕಿ. ಗಂಡ ಸತ್ತು ಹದಿನೆಂಟು ವರ್ಷ. ಆಕಿಗೊಬ್ಬ ಮಗ, ಮುದುಕಪ್ಪ. ಹೆಸರು ಮುದುಕಪ್ಪ, ವಯಸ್ಸು ಇಪ್ಪತ್ತಾರು, ಬುದ್ಧಿ ಇನ್ನೂ ತೊಟ್ಲಾಗ. ಹೇಳಿದ್ದು ಕೇಳ್ತಿರಲಿಲ್ಲ ಅಂತೀರೇನು? ಅಯ್ಯ, ಕೇಳ್ತಿದ್ದ! ಅದ ಆಕಿ ಹಣೇಬರ. ಹೇಳಿದ್ದಕ್ಕಿಂತ ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮಿಲ್ಲ.

ಒಮ್ಮೆ ತಂಗೆವ್ವ ಹಸಿ ಸೀರಿ ಕೈಯಾಗ ಕೊಟ್ಟು, "ಇದನ್ನ ಬಿಸಲಾಗ ಹಿಡಿಯಪ್ಪಾ, ನೆಳ್ಳಿಗೆ ಬಿಡಬ್ಯಾಡ" ಅಂದ್ಲು. ಹಿಡದ. ಮನಿ ನೆಳ್ಳು ಬಂತು, ಮುಂದ ಸರದ. ಗಿಡದ ನೆಳ್ಳು ಬಂತು, ಮತ್ತ ಮುಂದ ಸರದ. ಬಿಸಲು ಹೋದಂಗ ಹೋದಂಗ ಇಂವನೂ ಹೋದ. ಸಂಜೀಕ ಹುಡುಕಿದ್ರ ಎರಡು ಊರು ದಾಟಿ ದಿಬ್ಬದ ಮ್ಯಾಲ ಸೀರಿ ಎತ್ತಿ ಹಿಡ್ಕೊಂಡು ನಿಂತಾನ!

"ಏನೋ ಇದು, ಖೋಡಿ?"

"ಇನ್ನ ಮುಂದ ಬಿಸಲು ಸಿಗವಲ್ದು ಬೇ" ಅಂದ.

ತಂಗೆವ್ವ ಹಣಿ ಹಣಿ ಬಡ್ಕೊಂಡ್ಲು. ಆದ್ರ ಒಂದು ಮಾತು, ಅವನ ಕೈ ಮಾತ್ರ ಬಂಗಾರ. ಅವ್ವನ ಬಾಜೂಕ ಕುಂತು ಕುಂತು ಕೌದಿ ಹೊಲಿಗಿ ಕಲ್ತಿದ್ದ. ಜ್ವಾಳದ ಕಾಳು ಸಾಲಾಗಿಟ್ಟಂಗ ಹೊಲೀತಿದ್ದ. ಅವ್ವನ ಸೂಜಿಗೆ ದಾರ ಹಾಕಾಂವನೂ ಅವನ, ಯಾಕಂದ್ರ ತಂಗೆವ್ವನ ಕಣ್ಣು ಮಂಜಾಗಾಕ ಹತ್ತಿದ್ವು. "ಇನ್ನ ಸೂಜಿ ಬಿಡವ್ವಾ" ಅಂದಿದ್ರು ಡಾಕ್ಟರು.

ಅದಕ್ಕ ಕಡೀದೊಂದು ಕೌದಿ ಹೊಲದ್ಲು. ನಾಕು ವರ್ಷ ಹೊಲದ್ಲು. ಹಡದವ್ವನ ಇಳಕಲ್ಲ ಸೀರಿ, ಅತ್ತಿ ಕುಪ್ಪಸ, ಗಂಡನ ಕೆಂಪು ರುಮಾಲು, ಮುದುಕಪ್ಪ ಕೂಸಿದ್ದಾಗಿನ ಕುಂಚಿಗಿ, ಎಲ್ಲಾ ಅದರಾಗ ಐತಿ. ಕಡೀ ಮೂಲಿ ಮುಚ್ಚೂ ಮುಂದ ನಮ್ಮ ಪದ್ಧತಿ ಗೊತ್ತೈತಲ್ಲ, ಒಂದು ಚೂರು ಹೋಳಿಗಿ ಒಳಗಿಟ್ಟು ಹೊಲೀಬೇಕು. ಕೌದಿ ಹೊಟ್ಟಿ ತುಂಬಿರಬೇಕು. ಅದು ಹಸದಿದ್ರ ಹೊದ್ಕೊಂಡೋರು ಬೆಚ್ಚಗ ಹ್ಯಾಂಗ ಮಲಗ್ತಾರ? ತಂಗೆವ್ವ ಹೋಳಿಗಿ ಇಟ್ಟು ಹೊಲದು, "ಇದನ್ನ ನಾಕು ಮಂದಿ ನೋಡ್ಲಿ, ಆಮ್ಯಾಲ ಕಣ್ಣು ಹೋದ್ರ ಹೋಗ್ಲಿ" ಅಂದ್ಲು.

ದೇವರು ಕೇಳಿಸ್ಕೊಂಡ ನೋಡ್ರಿ. ಹುಬ್ಬಳ್ಳಿಯಾಗ ಹೊಲಿಗಿ ಸಾಲಿ ನಡಸೋ ಇಂದುಮತಿ ಅಕ್ಕೋರು ಬಂದ್ರು. ಬಟ್ಟಿ, ಹೊಲಿಗಿ ಅಂದ್ರ ಜೀವಾ ಬಿಡೋರನ್ನ ಕಟ್ಕೊಂಡು ಜಪಾನ್ ದೇಶಕ್ಕ ಹೊಂಟಿದ್ರು. ಅಲ್ಲೊಂದು ಊರಾಗ ದೇಶದೇಶದ ಕೌದಿ ತೂಗಹಾಕಿ ತೋರಸ್ತಾರಂತ. "ತಂಗೆವ್ವಾ, ನಿನ್ನ ಕೌದಿ ಅಲ್ಲಿ ತೂಗಬೇಕು" ಅಂದ್ರು. ಹತ್ತು ಮಂದಿ ಹೆಂಗಸರು ತಯಾರಾದ್ವಿ. ನಾನೂ ಇದ್ದೆ. ಹನ್ನೊಂದನೇದಾಂವ ಮುದುಕಪ್ಪ.

"ಇವನ್ಯಾಕ?" ಅಂದ್ರು ಅಕ್ಕೋರು.

"ನನ್ನ ಕಣ್ಣ ಇವನ ಅಲ್ರಿ ಅಕ್ಕಾರ" ಅಂದ್ಲು ತಂಗೆವ್ವ.

ಎಂಥಾ ಕಣ್ಣೋ ಏನೋ! ಬೆಂಗಳೂರಿನ ರೈಲಿನಾಗ ಯಾರೋ ಒಬ್ಬ ಪ್ಯಾಟಿ ಮನಶ್ಯಾ, "ಚೀಲದಾಗ ಏನೈತೋ ತಮ್ಮಾ?" ಅಂದ. ಮುದುಕಪ್ಪ ಚೀಲ ಬಿಚ್ಚಿ ಒಂದೊಂದ ತಗದು ಅವನ ತೊಡಿ ಮ್ಯಾಲ ಇಡಾಕ ಹತ್ತಿದ. ಅವ್ವನ ಸೀರಿ, ಅವ್ವನ ಲಂಗ, ನಮ್ಮೆಲ್ಲರ ರೊಟ್ಟಿ ಗಂಟು!

"ಅಯ್ಯ ನಿನ್ನ ಬುದ್ಧಿಗಿಷ್ಟು ಬೆಂಕಿ ಹತ್ತಲಿ! ಯಾರ ಕೇಳಿದ್ರೂ ಏನೂ ಇಲ್ಲ ಅನ್ನಬೇಕು. ತಿಳೀತಿಲ್ಲೋ?" ಅಂತ ಬೈದ್ಲು ತಂಗೆವ್ವ.

"ಹೂನ ಬೇ."

ಬೆಂಗಳೂರು ವಿಮಾನ ನಿಲ್ದಾಣ. ಪೊಲೀಸಾಂವ ಕೇಳಿದ, "ಕತ್ರಿ, ಚಾಕು ಏನಾದ್ರೂ ಇದೆಯಾ?"

"ಏನೂ ಇಲ್ರಿ."

ಮಷೀನ್ ಕುಂಯ್ ಅಂತು. ಚೀಲ ಬಿಚ್ಚಿದ್ರ ಎರಡು ಕತ್ರಿ, ಈಳಿಗಿ ಒಂದು! ಈಳಿಗಿ ಯಾಕ ತಂದಿದ್ನೋ ಅವಂಗ ಗೊತ್ತು. ಒಂದು ತಾಸು ನಮ್ಮನ್ನ ಸಾಲಾಗಿ ನಿಲ್ಲಿಸಿ ಕಳ್ಳರನ್ನ ನೋಡಿದಂಗ ನೋಡಿದ್ರು. ತಂಗೆವ್ವ ನಾಚಿ ನೀರಾದ್ಲು.

"ಮೂಳಾ! ಸಮವಸ್ತ್ರ ಹಾಕ್ಕೊಂಡೋರ ಮುಂದ ಸುಳ್ಳು ಹೇಳ್ತಾರೇನೋ? ಒಳಗ ಇದ್ದದ್ದು ಇದ್ದಂಗ ಹೇಳಬೇಕು. ಒಂದೂ ಮುಚ್ಚಿಡಬಾರ್ದು!"

"ಹೂನ ಬೇ."

ಜಪಾನಿನಾಗ ಇಳದ್ವಿ. ಅಲ್ಲೂ ಸಮವಸ್ತ್ರದ ಹುಡುಗ. ಮೆತ್ತಗ ನಕ್ಕು ಒಂದು ಚಿತ್ರ ತೋರಿಸಿ ಕೇಳಿದ. ಅಕ್ಕೋರು ತಿಳಿಸಿ ಹೇಳಿದ್ರು, "ತಿನ್ನೂ ಸಾಮಾನೇನರ ಐತೇನು ಅಂತ ಕೇಳ್ತಾನ. ಇಲ್ಲ ಅಂತ ತಲಿ ಆಡಸು, ಸಾಕು." ಮುದುಕಪ್ಪ ಆಡಸ್ಯಾನ? ಕೌದಿ ಬಿಚ್ಚಿ ಹಾಸಿ, ಮೂಲಿಗೆ ಬೆರಳಿಟ್ಟು, ಬಾಯಿಗೆ ಕೈ ಒಯ್ದು ತೋರಿಸಿದ, "ಹೋಳಿಗಿ ಐತ್ರಿ! ಇದರ ಹೊಟ್ಯಾಗ ಐತಿ! ಅವ್ವ ಇಟ್ಟಾಳ!"

ಮುಂದೇನು ಹೇಳ್ಲಿ. ಆ ಹುಡುಗ ಕೈಗೆ ಚೀಲ ಹಾಕ್ಕೊಂಡು ಸಣ್ಣ ಕತ್ರಿಲೆ ಮೂಲಿ ಬಿಚ್ಚಿ ಹೋಳಿಗಿ ಚೂರು ತಗದ. ಬಾಂಬು ಹಿಡದಂಗ ಹಿಡದು ಒಯ್ದ. ಪಾಪ, ತಲಿ ಬಗ್ಗಿಸಿ ಬಗ್ಗಿಸಿ ಕ್ಷಮಾ ಕೇಳಿದ. ತಂಗೆವ್ವ ಬಿಚ್ಚಿದ ಮೂಲಿ ಸವರಿ ಸವರಿ ನೋಡಿದ್ಲು.

"ಹಸಗೊಂಡು ನಿಂತೈತಲ್ಲೋ ನನ್ನ ಕೌದಿ! ಪರದೇಶಕ್ಕ ಬಂದು ಹಸಗೊಂಡು ನಿಂತೈತಿ! ಇನ್ನಮ್ಯಾಲ ಯಾರ ಏನ ಕೇಳಿದ್ರೂ ಬಾಯಿ ಬಿಡಬ್ಯಾಡ. ಆ ಹುಡುಗನ್ನ ನೋಡಿ ಕಲಿ. ತಲಿ ಬಗ್ಗಿಸು, ಅಷ್ಟ!"

"ಹೂನ ಬೇ."

ಮರುದಿನ ನೀಲಿ ಬಣ್ಣ ಹಾಕೋರ ಮನಿಗೆ ಕರಕೊಂಡು ಹೋದ್ರು. ಕಾಳು ತುಂಬಿಡೂ ಹಗೇವಿನಂಥಾ ಗುಂಡಿ, ತುಂಬ ನೀಲಿ ನೀರು. ಬಟ್ಟಿ ಅದ್ದಿದ್ರ ಹಸರಾಗಿ ಬಂದು ಕಣ್ಣ ಮುಂದ ನೀಲಿ ಆಗ್ತಿತ್ತು. ನಾವು ಬಾಯಿ ತಕ್ಕೊಂಡು ನೋಡಾಕ ಹತ್ತಿದ್ವಿ. ಅಕ್ಕೋರು ತಮ್ಮ ಬಿಳಿ ರೇಷ್ಮಿ ಶಾಲು ಮುದುಕಪ್ಪನ ಕೈಯಾಗ ಕೊಟ್ಟು ಫೋಟೋ ತಗೀತಿದ್ರು. ಬಣ್ಣದ ಮುದುಕ ಶಾಲಿಗೆ ಬೊಟ್ಟು ಮಾಡಿ ಏನೋ ಕೇಳಿದ. ಮುದುಕಪ್ಪ ತಲಿ ಬಗ್ಗಿಸಿದ. ಮುದುಕ ಶಾಲು ತಗೊಂಡು ಗುಂಡ್ಯಾಗ ಅದ್ದಿಬಿಟ್ಟ! ಅದ್ದಿ ತಾನೂ ತಲಿ ಬಗ್ಗಿಸಿದ. ಇಂವ ಮತ್ತ ಬಗ್ಗಿಸಿದ. ಅಂವ ಬಗ್ಗಿಸಿದ. ಇಂವ ಇನ್ನೂ ಕೆಳಗ ಬಗ್ಗಿಸಿದ. ಯಾರ ಮೊದಲ ನಿಲ್ಲಸಬೇಕು? ಊಟದ ಹೊತ್ತಿನತನಾ ನಡೀತು. ಬಗ್ಗಿ ಬಗ್ಗಿ ಇವನ ಅಂಗಿ ಕಿಸೆದಾಗಿನ ಪಾಸ್‌ಪೋರ್ಟ್ ಜಾರಿ ಗುಂಡಿ ದಂಡಿಗೆ ಬಿತ್ತು. ಮುದುಕನ ಹೆಂಡ್ತಿ ಎತ್ತಿ ಕೊಟ್ಲು, ಇಲ್ಲಂದ್ರ ಅದೂ ನೀಲಿ ಆಗ್ತಿತ್ತು.

ನೀಲಿ ಶಾಲು ನೋಡಿ ಅಕ್ಕೋರ ಮಾರಿ ಕೆಂಪಾತು. "ನನ್ನ ಶಾಲು ಹಾಳಾಗಿ ಹೋಗ್ಲಿ! ಪಾಸ್‌ಪೋರ್ಟ್ ಕಳದಿದ್ರ ಏನ್ಮಾಡ್ತಿದ್ಯೋ? ಈ ದೇಶದಾಗ ಅದಕ್ಕಿಂತ ಜೋಪಾನದ್ದು ಯಾವುದೂ ಇಲ್ಲ. ಯಾರ ಕೈಗೂ ಸಿಗದಂಗ ಇಡು!"

"ಕೇಳಿದ್ಯಲ್ಲೋ?" ಅಂದ್ಲು ತಂಗೆವ್ವ. ಹೇಳಿ ಹೇಳಿ ಆಕಿ ದನಿ ಸೋತಿತ್ತು.

"ಹೂನ ಬೇ."

ಅವತ್ತ ಸಂಜೀಕ ಕೌದಿ ಮೂಲಿ ಮುಚ್ಚಬೇಕಿತ್ತು. ಬೆಳಗಾದ್ರ ತೂಗಹಾಕೂದು. ತಂಗೆವ್ವಗ ಬಿಚ್ಚಿದ ದಾರನ ಕಾಣವಲ್ದು. "ನೀನ ಹೊಲಿಯಪ್ಪಾ. ಹೊಟ್ಟಿ ಖಾಲಿ ಇರಬಾರ್ದು. ತಿನ್ನೂದು ಮಾತ್ರ ಬ್ಯಾಡ. ಜೋಪಾನದ್ದು ಏನಾರ ಒಂದು ಸಣ್ಣದು ಇಡು" ಅಂದ್ಲು. ಆಕಿ ಮನಸಿನಾಗ ಒಂದು ಅಂಗಿ ಗುಂಡಿನೋ, ಅರಿಷಿಣ ಕೊಂಬೋ ಇದ್ದೀತು. ಮುದುಕಪ್ಪ ಗ್ವಾಡಿ ಕಡೆ ಮಾರಿ ಮಾಡಿ ಕುಂತು ಚಂದಂಗ ಹೊಲದ. ಹಳೀ ಹೊಲಿಗಿ ಯಾವುದು, ಹೊಸಾ ಹೊಲಿಗಿ ಯಾವುದು, ನನಗ ಗೊತ್ತಾಗಲಿಲ್ಲ. ನಾನೂ ಶಹಭಾಸ್ ಅಂದೆ.

ಮರುದಿನ ಕೌದಿ ತೂಗಿತು. ಏನ್ ಮಂದಿ, ಏನ್ ಮಂದಿ! ಅಕ್ಕೋರು ತಂಗೆವ್ವನ ಹೆಸರು ಹೇಳಿಸಿದ್ರು, ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಒಬ್ಬಾಕಿ ಮುದುಕಿ ಬಂದು ತಂಗೆವ್ವನ ಬೆರಳಾಗಿನ ಸೂಜಿ ಗಾಯ ಮುಟ್ಟಿ, ತನ್ನ ಬೆರಳು ತೋರಿಸಿದ್ಲು. ಅಲ್ಲೂ ಅವ ಗಾಯ. ಇಬ್ಬರೂ ಒಬ್ಬರ ಬೆರಳು ಒಬ್ಬರು ಹಿಡ್ಕೊಂಡು ಕುಂತ್ರು.

"ಎಷ್ಟು ಮಂದಿ ನೋಡಾಕ ಹತ್ಯಾರೋ?" ಅಂತ ಮಗನ್ನ ಕೇಳಿದ್ಲು ತಂಗೆವ್ವ.

"ನೂರಾ ಹದಿನಾಕು ಕಣ್ಣು ಬೇ. ಚಾಳೀಸಿನ ಗಾಜು ಬ್ಯಾರೆ ಎಣಿಸ್ಲೇನು?"

ತಂಗೆವ್ವ ನಕ್ಲು! ಹೊಂಟಾಗಿಂದ ನಕ್ಕದ್ದು ಅದೊಂದ ಸಲ. "ನಿಮ್ಮ ಕೌದಿ ಇಲ್ಲೇ ಗಾಜಿನ ಪೆಟ್ಟಿಗ್ಯಾಗ ಇಟ್ಕೋಬಹುದಾ?" ಅಂತ ಕೌದಿ ತೂಗಹಾಕಿದ ಮಂದಿ ಕೇಳಿದ್ರು. "ಇಟ್ಕೋಳ್ರಿ. ಮನ್ಯಾಗಿದ್ರ ಇಲಿ ಕಡೀತಾವ. ಇಲ್ಲಿ ಮಂದಿ ನೋಡ್ಕೋತ ಇರ್ಲಿ" ಅಂದು ಕೊಟ್ಟಬಿಟ್ಲು.

ಮರುದಿನ ಊರಿಗೆ ಹೊಂಟ್ವಿ. ವಿಮಾನ ನಿಲ್ದಾಣದಾಗ ಸಾಲು. ಎಲ್ಲಾರೂ ಪಾಸ್‌ಪೋರ್ಟ್ ತಗದ್ರು.

"ನಿಂದೆಲ್ಲೋ?" ಅಂದ್ರು ಅಕ್ಕೋರು.

"ಜೋಪಾನ ಐತ್ರಿ."

"ಎಲ್ಲಿ?"

"ಕೌದಿ ಹೊಟ್ಯಾಗ್ರಿ. ಯಾರ ಕೈಗೂ ಸಿಗಂಗಿಲ್ರಿ."

ತಂಗೆವ್ವ ನೆಲಕ್ಕ ಕುಂತ್ಲು. "ಕೌದಿ ಮುಟ್ಟಬ್ಯಾಡ್ರಿ! ನಾಕು ವರ್ಷದ ಹೊಲಿಗಿ, ಒಮ್ಮೆ ಬಿಚ್ಚಿದ್ದ ಸಾಕು! ಈ ಖೋಡೀನ್ನ ಇಲ್ಲೇ ಬಿಟ್ಟು ನಡೀರಿ!" ಅಂತ ಅತ್ಲು. ಮುದುಕಪ್ಪ ಅವ್ವನ ಗಂಟು ಹೊತ್ಕೊಂಡು ಹಂಗ ನಿಂತಿದ್ದ. ಒಂದು ಗಳಿಗಿ ಬಿಟ್ಟು ತಂಗೆವ್ವ ಕಣ್ಣು ಒರಸ್ಕೊಂಡ್ಲು. "ಕೌದಿ ಹೊಲದೇನಿ, ಇವನ್ನ ಹಡದೇನಿ. ಬಿಚ್ಚರಿ" ಅಂದ್ಲು.

ವಿಮಾನಕ್ಕ ಇನ್ನೂ ಮೂರು ತಾಸಿತ್ತು. ಅಕ್ಕೋರು ಮುದುಕಪ್ಪನ್ನ ಕಾರಿನಾಗ ಕುಂದ್ರಿಸಿದ್ರು. ತಂಗೆವ್ವ ಕೂಗಿ ಹೇಳಿದ್ಲು, "ಹುಷಾರಪ್ಪಾ! ಬಿಚ್ಚಿದ ಮ್ಯಾಲ ಮೊದಲ ಹ್ಯಾಂಗಿತ್ತೋ ಹಂಗ ಹೊಲದು ಬಾ. ಏನೂ ಹೆಚ್ಚುಕಡಿಮಿ ಆಗಬಾರ್ದು. ಹೊಟ್ಟಿ ಖಾಲಿ ಬಿಟ್ಟು ಬಂದ್ರ ನಿನ್ನ ಮಾರಿ ನೋಡಂಗಿಲ್ಲ!"

"ಹೂನ ಬೇ."

ಕೌದಿ ಇಟ್ಟಲ್ಲಿ ಅಕ್ಕೋರು ಆ ಮಂದಿ ಹಿರೇರ ಮುಂದ ಕೈ ಮುಗದು ಕ್ಷಮಾ ಕೇಳ್ಕೋತ ನಿಂತ್ರಂತ. ಇಂವ ಗಾಜಿನ ಪೆಟ್ಟಿಗಿ ಮುಂದ ಕುಂತು ಬಿಚ್ಚಿದ, ಹೊಲದ. ಇಬ್ಬರೂ ಓಡಿಕೋತ ಬಂದ್ರು. ಇನ್ನ ಅರ್ಧ ತಾಸು ಇತ್ತು.

"ಕೊಡೋ, ಕೊಡೋ!" ಅಂದ್ವಿ ಎಲ್ಲಾರೂ.

"ಏನ ಕೊಡ್ಲಿ? ಅವ್ವ ಹೇಳಿದಂಗ ಮಾಡೇನಿ. ಬಿಚ್ಚಿದೆ. ನೋಡಿದೆ, ಪಾಸ್‌ಪೋರ್ಟ್ ಐತಿ. ಮೊದಲ ಹ್ಯಾಂಗಿತ್ತೋ ಹಂಗ ಒಳಗಿಟ್ಟು ಹೊಲದೆ. ಹೆಚ್ಚಿಲ್ಲ, ಕಡಿಮಿಲ್ಲ. ಹೊಟ್ಟಿ ಖಾಲಿ ಬಿಟ್ಟಿಲ್ಲ ಬೇ!"

ತಂಗೆವ್ವ ಬೈಲಿಲ್ಲ. ಅದ ನಮಗ ಹೆದರಿಕಿ ಆತು. ಹಣಿ ಬಡ್ಕೊಳ್ಳಲಿಲ್ಲ, ಅಳಲಿಲ್ಲ, ಬುದ್ಧಿ ಮಾತು ಒಂದೂ ಹೇಳಲಿಲ್ಲ. ಅಕ್ಕೋರು, "ನಾಳೆ ಮತ್ತ ಬಿಚ್ಚಿಸೂಣು" ಅಂದ್ರ, "ಬ್ಯಾಡ್ರಿ ಅಕ್ಕಾರ. ಮೂರನೇ ಸಲ ಬಿಚ್ಚಿದ್ರ ನಮ್ಮವ್ವನ ಸೀರಿ ತಡಿಯಂಗಿಲ್ಲ, ಹರೀತೈತಿ. ಅದರ ಹೊಟ್ಟಿ ತುಂಬೇತಿ, ಇರ್ಲಿ ಬಿಡ್ರಿ. ನಾವಿಬ್ಬರೂ ಉಳೀತೀವಿ" ಅಂದ್ಲು. ಅಕ್ಕೋರು ಫೋನ್ ಮ್ಯಾಲ ಫೋನ್ ಮಾಡಿದ್ರು. ನಮ್ಮ ದೇಶದ ಕಚೇರ್ಯಾಗ ಹೊಸಾ ಪಾಸ್‌ಪೋರ್ಟ್ ಮಾಡಿಸ್ಬೇಕು, ಅಲ್ಲೀತನಾ ಬಣ್ಣದ ಮುದುಕನ ಮನ್ಯಾಗ ಇರಬೇಕು ಅಂತ ಆತು.

ನಾವು ಹೊಂಡೂ ಹೊತ್ತಾತು. ಸುಮ್ಮನ ಬರಬಾರ್ದಾಗಿತ್ತೇನು ನಾನು? ನನ್ನ ಬಾಯಿಗಿಷ್ಟು ಮಣ್ಣು ಬೀಳ್ಲಿ! ಮುದುಕಪ್ಪನ್ನ ಬಾಜೂಕ ಕರದು ಹೇಳಿದೆ, "ತಮ್ಮಾ, ನಿಮ್ಮವ್ವಗ ಕಣ್ಣು ಸರಿ ಕಾಣಂಗಿಲ್ಲ. ಪರದೇಶ. ಆಕಿ ಕೈ ಮಾತ್ರ ಬಿಡಬ್ಯಾಡ."

"ಹೂನ ಚಿಗವ್ವ" ಅಂದ. ಆಗಿಂದಾಗ ಹೋಗಿ ಕೈ ಹಿಡ್ಕೊಂಡ.

ಇಪ್ಪತ್ತೆರಡು ದಿನ ಆದ ಮ್ಯಾಲ ನಮ್ಮೂರ ಬಸ್ಸಿನಾಗಿಂದ ಇಳದ್ರು. ನಾವೆಲ್ಲಾ ನೋಡಾಕ ಹೋದ್ವಿ. ತಂಗೆವ್ವನ ಎಡಗೈ ಮಗನ ಬಲಗೈಯಾಗ! ಇಪ್ಪತ್ತೆರಡು ದಿನ ಬಿಟ್ಟಿಲ್ಲ! ಉಣ್ಣಾಗ ಬಿಟ್ಟಿಲ್ಲ, ಮಲಗಿದಾಗ ಬಿಟ್ಟಿಲ್ಲ. ಆಕಿ ಬಚ್ಚಲಕ್ಕ ಹೋದ್ರ ಬಾಗಲ ಸಂದ್ಯಾಗ ಕೈ ತೂರಿಸಿ ಹೊರಗ ನಿಂತಿರ್ತಿದ್ನಂತ. ಹೊಸಾ ಪಾಸ್‌ಪೋರ್ಟಿನ ಫೋಟೋ ತಗಿಯೋರು ಬ್ಯಾಡ ಬ್ಯಾಡ ಅಂದ್ರೂ ಬಿಟ್ಟಿಲ್ಲ. ಕಡೀಕ ತಂಗೆವ್ವ ಮೇಜಿನ ಕೆಳಗ ಕುಂತು ಮಗನ ಫೋಟೋ ತಗಸಿದ್ಲಂತ. ಆಕಿ ತಲಿ ಬಾಚ್ಕೊಂಡು ಎಷ್ಟು ದಿನ ಆಗಿತ್ತೋ, ಹಕ್ಕಿ ಗೂಡು!

"ಯಾರವ್ವಾ ಇವಂಗ ಇದನ್ನ ಹೇಳಿದಾಕಿ?" ಅಂದ್ಲು ತಂಗೆವ್ವ.

ನಾನು ಸೆರಗು ಮಾರಿಗೆ ಎಳ್ಕೊಂಡು ಎಲ್ಲಾರ ಹಿಂದ ಸರದು, ಅಲ್ಲಿಂದನ ಕೇಳಿದೆ, "ಬಿಡು ಅನ್ನಬಾರ್ದೇನ? ಬಿಡ್ತಿದ್ದ."

"ಬಿಡು ಅಂದ್ರ ಬಿಡ್ತಾನವ್ವಾ" ಅಂದ್ಲು. "ಕಣ್ಣು ಪೂರ್ತಿ ಹೋಗ್ಯಾವ ನನಗ. ನಾಳೆ ನಾ ಬೀಳೂ ಮುಂದ ಹಿಡಿಯೋ ಅಂದ್ರ, ಇಂವ ಏನು ಹಿಡ್ಕೋತಾನೋ!"

ಅಂದಾಕಿ ಮನಿ ಕಡೆ ಹೊಂಟ್ಲು. ಇಂವನೂ ಹೊಂಟ.