ಚನ್ನಾಜಮ್ಮನ ಹುಚ್ಚೆಳ್ಳು ಚಟ್ನಿ

ಹೊದ್ಕೊಂಡ್ಯಾ? ಕಾಲು ಒಳಗಿಟ್ಕೊ. ಹೂಂಗುಟ್ತಾ ಇರ್ಬೇಕು ನೋಡು, ಇಲ್ದಿದ್ರೆ ಕತೆ ಅರ್ಧಕ್ಕೇ ನಿಂತೋಗತ್ತೆ, ಆಮೇಲೆ ನನ್ನ ಕೇಳ್ಬೇಡ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ತಾತನ ತಾತಂಗೂ ಇನ್ನೂ ಹಾಲುಹಲ್ಲು ಬಂದಿರ್ಲಿಲ್ಲ ಅನ್ನೋ ಕಾಲದಲ್ಲಿ, ಸೊಪ್ಪಿನಕಟ್ಟೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಪಂಚಾಕ್ಷರಯ್ಯ ಅಂತ ಒಬ್ಬ ಅಯ್ನೋರು, ಅವರ ಹೆಂಡ್ತಿ ಚನ್ನಾಜಮ್ಮ. ಆಗೆಲ್ಲ ಈಗಿನ ಹಂಗೆ ಸ್ಕೂಲು, ಬೆಂಚು, ಬ್ಯಾಗು ಎಲ್ಲಿತ್ತು? ಅಯ್ನೋರ ಮನೆ ಜಗಲೀನೇ ಮಠ, ಮರಳು ಹರಡ್ಕೊಂಡು ಬೆರಳಲ್ಲಿ ತಿದ್ದೋದೇ ಓದು. ಆ ಮನೇನ ಊರ ನಾಯಕ ಬೊಮ್ಮನಾಯಕ ಮಠ ನಡೀಲಿ ಅಂತ ಬಿಟ್ಟುಕೊಟ್ಟಿದ್ದ. ಮಠ ನಡೆಯೋವರ್ಗೂ ಮನೆ, ಮಠ ನಿಂತ್ರೆ ಮನೆಯೂ ಇಲ್ಲ. ಚನ್ನಾಜಮ್ಮ ಮದುವೆಯಾಗಿ ಬಂದ ವರ್ಷ ತಾನೇ ಮಣ್ಣು ಕಲಸಿ ಹಾಕಿದ ಒಲೆ ಇತ್ತಂತೆ ಆ ಮನೇಲಿ. ಆ ಒಲೆ ಅಂದ್ರೆ ಅವಳಿಗೆ ಪ್ರಾಣ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು ಕಣೆ. ಬೆಳಗ್ಗೆ ಯಾರು ಮೊದಲು ಬರ್ತಾರೋ ಅವರ ಅಂಗೈ ಮೇಲೆ ಅಯ್ನೋರು ಶ್ರೀ ಅಂತ ಬರೀತಿದ್ರು. ಊರಲ್ಲೆಲ್ಲ ಕೈ ಎತ್ಕೊಂಡು ಮೆರೀಬೋದು. ಎರಡನೇದಾಗಿ ಬಂದೋರಿಗೆ ಒಂದು ಸೊನ್ನೆ. ಮೂರನೇದಾಗಿ ಬಂದ್ರೆ ಒಂದು ಬೆತ್ತದೇಟು, ನಾಲ್ಕನೇದಾದ್ರೆ ಎರಡು, ಐದನೇದಾದ್ರೆ ಮೂರು, ಹಿಂಗೇ ಏರ್ತಾ ಹೋಗೋದು. ಇದ್ದಿದ್ದು ಹನ್ನೆರಡು ಮಕ್ಕಳು, ಕೊನೇಲಿ ಬಂದೋರಿಗೆ ಹತ್ತು. ಹೂಂ, ಹತ್ತು! ಕೊನೇಲಿ ಬರ್ತಿದ್ದಿದ್ದು ಯಾವಾಗ್ಲೂ ಕುಂಬಾರ್ರ ಮನೆ ದ್ಯಾವಿ, ನಿನ್ನಷ್ಟೇ ಇದ್ಲು. ಅವರ ಮನೆ ಕೆರೆಯ ಆಚೆ ದಡದಲ್ಲಿ, ಪಾಪ ಅವಳೇನು ಮಾಡಾಳು.

ಸರಿ, ಏಟು ಯಾರಿಗೆ ಬೇಕು? ಮಕ್ಕಳೆಲ್ಲ ಕೋಳಿಗಿಂತ ಮುಂಚೆ ಎದ್ದು ಓಡಿ ಬರೋಕೆ ಶುರು ಮಾಡಿದ್ರಂತೆ. ಅಮ್ಮಂದಿರು ರೊಟ್ಟಿ ಹಿಡ್ಕೊಂಡು ಬೀದಿ ಕೊನೇವರ್ಗೂ ಅಟ್ಟಿಸ್ಕೊಂಡು ಬರೋರು, ಮಕ್ಕಳು ತಿರುಗೀನೂ ನೋಡ್ತಿರ್ಲಿಲ್ಲ. ಮಕ್ಕಳು ಬರೋಕೆ ಮುಂಚೆ ಅಯ್ನೋರು ಜಗಲೀಲಿ ಕೂತಿರ್ಬೇಕಲ್ಲ, ಅವರೂ ಏನೂ ತಿಂತಿರ್ಲಿಲ್ಲ. ಹೊತ್ತು ಏರಿದ ಹಂಗೆ ಮಕ್ಕಳ ತಲೆ ಕೆಳಕ್ಕೆ ಬೀಳೋದು, ಅಯ್ನೋರ ಸಿಟ್ಟು ಮೇಲಕ್ಕೆ ಏರೋದು. ನನ್ನ ಗಂಡ ಹುಟ್ಟಾ ಮುಂಗೋಪಿ ಅಂದ್ಕೊಂಡಿದ್ಲಂತೆ ಚನ್ನಾಜಮ್ಮ. ಮಧ್ಯಾಹ್ನ ಊಟ ಆದ್ಮೇಲೆ ಅದೇ ಮನುಷ್ಯ ಬೆಕ್ಕಿನ ಮರಿಗೆ ಮೈಸವರ್ತಾ ಪದ ಹೇಳ್ಕೊಂಡು ಕೂತಿರೋದು ಯಾಕೆ ಅಂತ ಮಾತ್ರ ಅವಳಿಗೆ ತಿಳೀತಿರ್ಲಿಲ್ಲ.

ಆಮೇಲೆ ಏನಾಯ್ತು, ಮಠದ ಮಕ್ಕಳಿಗೆ ಒಂದಕ್ಷರ ಬರಲ್ಲ ಅಂತ ಯಾರೋ ಬೊಮ್ಮನಾಯಕನ ಕಿವಿಗೆ ಹಾಕಿದ್ರಂತೆ. ನಾಯಕ ಮೀಸೆ ತಿರುವ್ಕೊಂಡು, ಮೂರು ದಿನ ಬೆಳಗ್ಗೆ ನಾನೇ ಬಂದು ಪರೀಕ್ಷೆ ಮಾಡ್ತೀನಿ, ಸರಿಹೋಗ್ಲಿಲ್ವೋ ಮಠಕ್ಕೆ ಬೀಗ ಹಾಕಿ ಆ ಮನೇಲಿ ನನ್ನ ಕುದುರೆ ಕಟ್ತೀನಿ ಅಂತ ಹೇಳಿ ಕಳಿಸಿದ. ಚನ್ನಾಜಮ್ಮಂಗೆ ತನ್ನ ಒಲೆ ಪಕ್ಕದಲ್ಲಿ ಕುದುರೆ ಲದ್ದಿ ಹಾಕೋದು ಕಣ್ಮುಂದೆ ಬಂತಂತೆ.

ಮೊದಲನೇ ದಿನ ನಾಯಕ ಬಂದ, ಕುದುರೆ ಇಳಿದ, ಹದಿನಾರೆಂಟ್ಲ ಎಷ್ಟು ಅಂತ ಕೇಳಿದ. ಕರಿಯ ಅಂತ ಬಲೇ ಬುದ್ಧಿವಂತ ಹುಡುಗ ಎದ್ದು ನಿಂತ್ಕೊಂಡು, ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು ಅಂತ ಶುರು ಮಾಡ್ದ. ಹದಿನಾರೈದ್ಲಕ್ಕೆ ಬರೋ ಹೊತ್ಗೆ ಕಣ್ಣು ಮುಚ್ಕೊಂಡು ಪಕ್ಕದೋನ ಮೇಲೆ ಒರಗ್ದ, ಪಕ್ಕದೋನು ಅವನ ಪಕ್ಕದೋನ ಮೇಲೆ, ಕುಂಬಾರ್ರು ಜೋಡಿಸಿಟ್ಟ ಮಡಕೆ ಸಾಲು ಉರುಳಿದ ಹಂಗೆ ಹನ್ನೆರಡೂ ಜನ ಮರಳಲ್ಲಿ ಮಕಾಡೆ. ಅದರಲ್ಲಿ ಮೂವರು ಗೊರಕೆ ಬೇರೆ ಹೊಡೆದ್ರಂತೆ. ನಾಯಕ ಒಂದು ಅಂತ ಬೆರಳು ಮಡಚಿ ಹೊರಟುಹೋದ.

ಎರಡನೇ ದಿನ ಬಂದು, ಮಕ್ಕಳು ಬ್ಯಾಡ, ಅಯ್ನೋರೇ ಒಂದು ಪದ್ಯ ಹೇಳ್ಲಿ ಅಂದ. ಅಯ್ನೋರು ಗಂಟಲು ಸರಿ ಮಾಡ್ಕೊಂಡು ಮೊದಲ ಸಾಲು ಹೇಳಿದ್ರು. ಎರಡನೇ ಸಾಲು ಬರ್ಲಿಲ್ಲ. ಹೊಟ್ಟೆ ಮಾತ್ರ ಗುರ್ ಅಂತು. ಆ ಗುರ್‌ಗೆ ನಾಯಕ ಕಿಸಕ್ಕಂತ ನಕ್ಕನಂತೆ. ಅಷ್ಟೇ ನೋಡು, ಅಯ್ನೋರ ಸಿಟ್ಟು ನೆತ್ತಿಗೇರಿ, ಏಯ್ ಯಾರೋ ಅದು ನಗೋನು, ಕಿವಿ ಹಿಡ್ಕೊಂಡು ಕೂರೋ ಅಂದ್ಬಿಟ್ರು! ನಾಯಕನೂ ಚಿಕ್ಕೋನಿದ್ದಾಗ ಮಠದಲ್ಲಿ ಏಟು ತಿಂದೋನೇ, ಹಳೇ ಭಯಕ್ಕೆ ಗಬಕ್ಕಂತ ಕಿವಿ ಹಿಡ್ಕೊಂಡು ಕೂತೇಬಿಟ್ಟ. ಆಮೇಲೆ ತಾನು ನಾಯಕ ಅನ್ನೋದು ಜ್ಞಾಪಕ ಬಂತು. ಕೆಂಡಾಮಂಡಲ ಆಗ್ಹೋದ. ನಾಳೆ ಕೊನೆ, ಗಂಟುಮೂಟೆ ಕಟ್ಟಿಟ್ಕೊಳಿ ಅಂದು ಹೋದ.

ಅಯ್ನೋರು ತಲೆ ಮೇಲೆ ಕೈ ಹೊತ್ತು ಕೂತ್ರು. ಚನ್ನಾಜಮ್ಮ ಅಳ್ತಾ ಅಳ್ತಾ ಮೊರ, ಕುಡುಗೋಲು, ಒನಕೆ ಎಲ್ಲ ಒಂದು ಕಡೆ ಇಡ್ತಿದ್ಲು. ಹೊತ್ತು ನೆತ್ತಿಗೆ ಬಂತು ಅಂತ ಗಂಡಂಗೆ ಮುದ್ದೆ ಬಡಿಸಿದ್ಲು. ಅಯ್ನೋರು ಎರಡು ತುತ್ತು ನುಂಗಿದ್ರು, ಮೂರನೇ ತುತ್ತಿಗೆ ಆ ಪದ್ಯದ ಎರಡನೇ ಸಾಲು ತಾನಾಗೇ ಬಾಯಿಗೆ ಬಂತಂತೆ! ಮೂರನೇದೂ ಬಂತು, ನಾಲ್ಕನೇದೂ ಬಂತು. ಚನ್ನಾಜಮ್ಮ ಸೌಟು ಹಿಡ್ಕೊಂಡಿದ್ದೋಳು ಹಂಗೇ ನಿಂತ್ಬಿಟ್ಲು. ಅಯ್ಯೋ ನನ್ನ ಬುದ್ಧಿಗಿಷ್ಟು ಅಂದ್ಕೊಂಡ್ಲು. ಇಷ್ಟು ವರ್ಷ ಜೊತೇಲಿದ್ದು ನಂಗೆ ಇದು ಕಾಣ್ಲಿಲ್ವಲ್ಲ!

ರೀ, ನಾಳೆಯಿಂದ ಮೊದಲು ಬಂದೋರಿಗಲ್ಲ, ತಿಂದು ಬಂದೋರಿಗೆ ಶ್ರೀ ಬರೀರಿ ಅಂದ್ಲು. ಅಯ್ನೋರು ಸುತಾರಾಂ ಒಪ್ಪಲ್ಲ. ನಮ್ಮಪ್ಪನ ಕಾಲದ ಪದ್ಧತಿ ಕಣೇ ಅಂದ್ರು. ನಿಮ್ಮಪ್ಪ ಈ ಮನೆ ಬಿಟ್ಟು ಹೋಗ್ಬೇಕಾಗಿರ್ಲಿಲ್ಲ, ನಾವು ಹೋಗ್ಬೇಕು ಅಂದ್ಲು. ಹಂಗಾದ್ರೆ ತಿಂದಿದಾರೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ ಅಂತ ಕೇಳಿದ್ರು. ಅಂಗೈ ಮೂಸಿ ನೋಡಿ ಅಂದ್ಲು ಇವಳು.

ಆಮೇಲೆ ಚನ್ನಾಜಮ್ಮ ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒರಳಲ್ಲಿ ದೊಡ್ಡದೊಂದು ಗಡಿಗೆ ಚಟ್ನಿ ರುಬ್ಬಿದ್ಲು. ಕತ್ತಲಾಗೋಕೆ ಮುಂಚೆ ಹನ್ನೆರಡು ಮನೆಗೂ ಹೋಗಿ ಒಂದೊಂದು ಉಂಡೆ ಚಟ್ನಿ ಕೊಟ್ಟು, ನಾಳೆ ರೊಟ್ಟಿಗೆ ಇದನ್ನೇ ಹಚ್ಚಿ ಕೊಡ್ರವ್ವಾ, ಜೊತೆಗೊಂದು ಲೋಟ ಮಜ್ಜಿಗೆ ಕುಡಿಸಿ ಕಳಿಸಿ, ಅಯ್ನೋರು ಅಂಗೈ ಮೂಸಿ ನೋಡಿ, ತಿನ್ನದೆ ಬಂದೋರನ್ನ ಸಾಲಿನ ಕೊನೇಗೆ ತಳ್ತಾರೆ ಅಂತ ಹೇಳಿ ಬಂದ್ಲು. ಕೆರೆ ಸುತ್ತು ಹಾಕಿ ದ್ಯಾವಿ ಮನೆಗೂ ಹೋದ್ಲು.

ಮೂರನೇ ದಿನ ಬೆಳಗಾಯ್ತು. ಅಯ್ನೋರು ಎಂದಿನಂತೆ ಜಗಲಿಗೆ ಹೊರಟ್ರೆ, ಬಾಗಿಲಿಗೆ ಅಡ್ಡ ಚನ್ನಾಜಮ್ಮ. ನಂಗೆ ಹಸಿವಿಲ್ಲ ಕಣೇ. ಅದೆಲ್ಲ ಗೊತ್ತಿಲ್ಲ, ಕೂತ್ಕೊಳಿ. ಎರಡು ರಾಗಿ ರೊಟ್ಟಿ, ಚಟ್ನಿ, ಮಜ್ಜಿಗೆ. ಒಂದು ರೊಟ್ಟಿ ಒಳಗೆ ಹೋದಾಗ ಹುಬ್ಬಿನ ಗಂಟು ಬಿಚ್ಕೊಂತು, ಎರಡನೇದು ಹೋದಾಗ, ಚನ್ನೀ ಆಕಾಶ ಎಷ್ಟು ಚೆನ್ನಾಗಿದೆ ನೋಡೇ ಅಂದ್ರಂತೆ. ಬೆಳಗ್ಗೆ ಹೊತ್ತು ಗಂಡ ಸಿಡುಕದೆ ಮಾತಾಡಿದ್ದು ಅವಳು ಅದೇ ಮೊದಲು ಕೇಳಿದ್ದು.

ಆಗ ಓಡಿ ಬಂದ ಕರಿಯ, ಅಂಗೈ ಮುಂದಕ್ಕೆ ಚಾಚ್ಕೊಂಡು. ಅಯ್ನೋರು ಮೂಸಿದ್ರು, ಘಮ್ಮಂತು. ಇನ್ನೇನು ಶ್ರೀ ಬರೀಬೇಕು, ಚನ್ನಾಜಮ್ಮ ಒಳಗಿಂದ ಬಂದು, ಎಲ್ಲಿ ಬಾಯಿ ತೆಗಿ ಅಂದ್ಲು. ಹುಚ್ಚೆಳ್ಳು ಚಟ್ನಿ ತಿಂದೋರ ಹಲ್ಲು ಹೆಂಗಿರತ್ತೆ ಹೇಳು? ಸಂದಿ ಸಂದೀಲೂ ಕರ್ರಗೆ! ಇವನ ಹಲ್ಲು ನೋಡಿದ್ರೆ ಬೆಳ್ಳಗೆ ಫಳಫಳ. ಕಳ್ಳ, ಚಟ್ನೀನ ಕೈಗೆ ಸವರ್ಕೊಂಡು ಬಂದಿದಾನೆ. ಓಡು ಮನೆಗೆ, ತಿಂದು ಬಾ ಅಂದ್ಲು. ಓಡ್ದ.

ಒಬ್ಬೊಬ್ರೇ ಬಂದ್ರು, ಬಾಯಿ ಕಳೆದು ತೋರಿಸಿದ್ರು. ಕರಿಯನೂ ಈ ಸಲ ನಿಜವಾಗ್ಲೂ ತಿಂದು ಬಂದ. ಕೊನೇಲಿ ದ್ಯಾವಿ ಬಂದ್ಲು, ಅವಳ ಹಲ್ಲಂತೂ ಒಂದೂ ಕಾಣ್ತಾನೇ ಇರ್ಲಿಲ್ಲ. ಅಯ್ನೋರು ಹನ್ನೆರಡು ಅಂಗೈಗೂ ಶ್ರೀ ಬರೆದ್ರು, ಅವತ್ತು ಬೆತ್ತ ಮುಟ್ಲೇ ಇಲ್ಲ.

ಅಷ್ಟೊತ್ತಿಗೆ ಕುದುರೆ ಸಪ್ಪಳ. ನಾಯಕ ಬಂದ, ಹಿಂದೆ ಒಬ್ಬ ಆಳು ಕುದುರೆ ಕಟ್ಟೋ ಗೂಟ ಹೊತ್ಕೊಂಡು. ಮನೆ ಖಾಲಿ ಮಾಡ್ಸೋ ಅವಸರಕ್ಕೆ ನಾಯಕ ಬೆಳಗ್ಗೆ ಏನೂ ತಿಂದಿರ್ಲಿಲ್ಲ, ಕುದುರೆ ಮಾತ್ರ ಹುರುಳಿ ತಿಂದು ಬಂದಿತ್ತಂತೆ. ಹದಿನಾರೆಂಟ್ಲ ಅಂದ. ನೂರಿಪ್ಪತ್ತೆಂಟು ಅಂತ ಹನ್ನೆರಡು ಬಾಯಿ ಒಟ್ಟಿಗೇ ಕೂಗಿದ್ವು. ಆ ಕಪ್ಪು ಹಲ್ಲು ನೋಡಿ ನಾಯಕ ಒಂದು ಹೆಜ್ಜೆ ಹಿಂದೆ ಹೋದ. ಪದ್ಯ ಅಂದ. ಅಯ್ನೋರು ರಾಗವಾಗಿ ಹೇಳಿ, ಅರ್ಥಾನೂ ಹೇಳಿ, ನಿನ್ನೆ ಬೈದಿದ್ದು ಮನಸ್ಸಿಗೆ ಹಚ್ಕೊಬೇಡಿ ನಾಯಕ್ರೆ ಅಂತಾನೂ ಅಂದ್ರು. ನಾಯಕ ಹಲ್ಲು ಕಡೀತಾ ಮೂರನೇದು ಕೇಳಿದ. ಬುಟ್ಟೀಲಿ ಅರವತ್ತು ಮಾವಿನಹಣ್ಣು, ಹನ್ನೆರಡು ಮಕ್ಕಳಿಗೆ ಸಮ ಹಂಚಿದ್ರೆ ತಲೆಗೆಷ್ಟು?

ಐದು ಬುದ್ದಿ, ಅಂದ್ಲು ದ್ಯಾವಿ.

ತಪ್ಪು, ನಾಲ್ಕು! ಅಂತ ಗದರಿದ ನಾಯಕ. ಗೂಟ ಹೊಡೀಲಾ ಬುದ್ದಿ ಅಂದ ಆಳು. ಚನ್ನಾಜಮ್ಮ ಬಾಗಿಲ ಚೌಕಟ್ಟು ಹಿಡ್ಕೊಂಡು ಕಣ್ಣು ಮುಚ್ಕೊಂಡ್ಲು. ದ್ಯಾವಿ ಮಾತ್ರ ನಾಯಕನ್ನೇ ನೋಡ್ತಾ ನಿಂತಿದ್ದೋಳು, ಬುದ್ದಿ, ಒಂಚೂರು ಹಲ್ಲು ತೋರ್ಸಿ ಅಂದ್ಲು. ನಾಯಕ ಏನೋ ಬೈಯೋಕೆ ಬಾಯಿ ತೆಗೆದ. ಬೆಳ್ಳಗಿತ್ತು. ಅಯ್ನೋರೇ, ನಾಯಕ್ರು ತಿಂದಿಲ್ಲ! ಕೊನೇಲೂ ಬಂದವ್ರೆ, ಹದಿಮೂರನೇಯವ್ರು, ಹಳೇ ಲೆಕ್ಕಕ್ಕೆ ಹನ್ನೊಂದೇಟು ಅಂದ್ಬಿಟ್ಲು!

ಕುದುರೇನೂ ಕಿವಿ ನಿಮಿರಿಸ್ತಂತೆ. ನಾಯಕ ಮೆಲ್ಲಗೆ ಬೆತ್ತದ ಕಡೆ ನೋಡಿದ, ಎರಡೂ ಕೈನ ಹಿಂದಕ್ಕೆ ಇಟ್ಕೊಂಡ. ಚನ್ನಾಜಮ್ಮ ಇನ್ನು ತಡೀಲಿಲ್ಲ, ಬಿಸಿ ರೊಟ್ಟಿ ತಂದು ಮುಂದಿಟ್ಟು, ಮೊದಲು ತಿನ್ನಿ ನಾಯಕ್ರೆ, ಆಮೇಲೆ ಮನೆ ಬಿಡಿಸೋರಂತೆ ಅಂದ್ಲು. ನಾಯಕ ಒಂದು ತಿಂದ, ಎರಡು ತಿಂದ, ಮೂರನೇದು ತಿನ್ತಾ ತಿನ್ತಾ ಬೆರಳು ಮಡಚಿ ಬಿಚ್ಚಿ ಏನೋ ಎಣಿಸ್ದ. ಐದೇ ಕಣವ್ವಾ ಅಂತ ದ್ಯಾವಿಗೆ ಹೇಳ್ದ. ಗೂಟ ವಾಪಸ್ ತಗೊಂಡೋಗೋ ಅಂತ ಆಳಿಗೆ ಹೇಳ್ದ. ಮಠ ಉಳೀತು, ಮನೆ ಉಳೀತು. ಮಕ್ಕಳು ಹೋ ಅಂತ ಕುಣಿದಾಡಿದ್ರು.

ಎಲ್ಲ ಹೋದ್ಮೇಲೆ ಅಯ್ನೋರು ಒಳಗೆ ಬಂದ್ರಂತೆ. ರೊಟ್ಟಿ ಇಡೋ ಬುಟ್ಟಿ ಖಾಲಿ, ಚಟ್ನಿ ಗಡಿಗೆ ಬಳಿದಿಟ್ಟಿದ್ದಾಗಿತ್ತು. ಚನ್ನಾಜಮ್ಮ ಒಲೆ ಪಕ್ಕ ಸುಸ್ತಾಗಿ ಕೂತಿದ್ಲು. ಹನ್ನೆರಡು ಮಕ್ಕಳನ್ನ ತಿಂದ್ಯಾ ತಿಂದ್ಯಾ ಅಂತ ಕೇಳಿದ್ದ ಮನುಷ್ಯ, ಮದುವೆಯಾದಾಗಿಂದ ಮೊದಲನೇ ಸಲ ಅವಳನ್ನ ಕೇಳಿದ್ರು, ಚನ್ನೀ, ನೀನು ತಿಂದ್ಯೇನೇ? ನಂದೇನು ಬಿಡಿ, ನಾನು ಯಾವತ್ತು ಬೆಳಗ್ಗೆ ತಿಂದಿದೀನಿ ಅಂದ್ಲು. ಅಯ್ನೋರು ಪಂಚೆ ಎತ್ತಿ ಕಟ್ಟಿ, ತಾವೇ ಹಿಟ್ಟು ಕಲಸಿ, ಜೀವಮಾನದಲ್ಲಿ ಮೊದಲ ರೊಟ್ಟಿ ತಟ್ಟಿದ್ರಂತೆ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ, ನಡುವೆ ಅಂಗೈಯಗಲ ತೂತು. ಚನ್ನಾಜಮ್ಮ ಅದನ್ನ ಒಂದು ಚೂರೂ ಬಿಡದೆ ತಿಂದು, ಉಪ್ಪೇ ಹಾಕಿಲ್ವಲ್ರೀ ನಿಮಗೆ ಬುದ್ಧಿ ಯಾವಾಗ ಬರೋದು ಅಂತ ಚೆನ್ನಾಗಿ ಬೈದು, ಇನ್ನೊಂದು ತಟ್ಟಿ ಅಂದ್ಲಂತೆ.

ಅಲ್ಲಿಗೆ ಕತೆ ಹೊಟ್ಟೆ ತುಂಬಿಸ್ಕೊಂಡು ಕೈ ತೊಳ್ಕೊಂತು, ನೀನಿನ್ನು ಮಲ್ಕೊ ಮಗ.